ಮೂವತ್ತಾರರ ಮಗ್ಗಿ

ಶನಿವಾರ ಬೆಳಗ್ಗೆ ಗಾಲ್ಫ್ ಮೈದಾನಕ್ಕೆ ಹೋಗಿ ನೀಲಿ ಟೀಯಿಂದ (ಮೊದಲ ಹೊಡೆತಕ್ಕೆ ಗುರುತು ಮಾಡಿದ ಜಾಗಕ್ಕೆ ಟೀ ಎನ್ನುತ್ತಾರೆ) ಚೆಂಡು ಹೊಡೆಯುವ ಕೆಲಸವನ್ನು ನಾನು ಮೂರು ವರ್ಷ ಶ್ರದ್ಧೆಯಿಂದ ಮಾಡಿದ್ದೇನೆ. ನೀಲಿಯೇ ಏಕೆ ಎಂದು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ನಾವಿರುವುದು ಅಮೆರಿಕದ ನಾರ್ತ್ ಕ್ಯಾರೊಲೈನಾದ ಕೇರಿ ಎಂಬ ಊರಿನಲ್ಲಿ. (ಇಡೀ ಊರಿಗೇ ಕೇರಿ ಎಂದು ಹೆಸರಿಟ್ಟವರ ಬಗ್ಗೆ ನನ್ನ ತಾಯಿಗೆ ಇಂದಿಗೂ ಅನುಮಾನವಿದೆ.) ಇಲ್ಲಿಯ ಮೈದಾನದಲ್ಲಿ ಪ್ರತಿ ಹೋಲ್‌ನ, ಅಂದರೆ ಚೆಂಡನ್ನು ಕೊನೆಗೆ ಒಂದು ಕುಳಿಗೆ ಬೀಳಿಸಬೇಕಾದ ಹಾದಿಯ, ಆರಂಭದಲ್ಲೂ ಕಪ್ಪು, ನೀಲಿ, ಬಿಳಿ, ಹಸಿರು, ಕೆಂಪು ಗುರುತುಗಳು ಒಂದರ ಮುಂದೊಂದು ಇರುತ್ತವೆ. ಕಪ್ಪು ಗುರುತಿನಿಂದ ಆಡಿದರೆ 18 ಹೋಲ್‌ಗಳ ಒಟ್ಟು ಉದ್ದ 7,050 ಗಜ, ನೀಲಿಯಿಂದ 6,640, ಹಸಿರಿನಿಂದ 5,380, ಕೆಂಪಿನಿಂದ 4,810. ಮೊದಲ ದಿನ ನನ್ನನ್ನು ಕರೆದೊಯ್ದ ಗೆಳೆಯರು ನೀಲಿಯ ಬಳಿ ನಿಂತಿದ್ದರು. ಮದುವೆಮನೆಯಲ್ಲಿ ಜೊತೆಗೆ ಬಂದವರ ಪಂಕ್ತಿಯಲ್ಲೇ ಎಲೆ ಹಾಕಿಸಿಕೊಂಡು ಕೂರುವಂತೆ ನಾನೂ ಅಲ್ಲೇ ನಿಂತೆ, ಅಷ್ಟೆ.

ಮೈಸೂರಿನಿಂದ ಮಾವನವರು ಆರು ತಿಂಗಳ ಮಟ್ಟಿಗೆ ಬಂದದ್ದರಿಂದ ಈ ನೆಮ್ಮದಿಗೆ ಭಂಗ ಬಂತು. ಲೋಕೋಪಯೋಗಿ ಇಲಾಖೆಯಲ್ಲಿ ಮೂವತ್ನಾಲ್ಕು ವರ್ಷ ರಸ್ತೆ, ಸೇತುವೆಗಳನ್ನು ಅಳೆದು ನಿವೃತ್ತರಾದ ಅವರಿಗೆ ಗಾಲ್ಫಿನಲ್ಲಿ ಆಸಕ್ತಿಯಿಲ್ಲದಿದ್ದರೂ ಅಂಕಿಗಳಿರುವ ಯಾವ ಕಾಗದ ಸಿಕ್ಕರೂ ಓದದೆ ಬಿಡುವ ಅಭ್ಯಾಸವಿಲ್ಲ. ನನ್ನೊಂದಿಗೆ ಗಾಡಿಯಲ್ಲಿ ಕುಳಿತವರು ಸ್ಕೋರ್‌ಕಾರ್ಡನ್ನು ಕನ್ನಡಕಕ್ಕೆ ಹತ್ತಿರ ಹಿಡಿದು, "ಅಳಿಯಂದಿರೇ, ಇಲ್ಲಿ ನೀಲಿಗೆ ಸ್ಲೋಪ್ 131 ಎಂದು ಬರೆದಿದ್ದಾರೆ. ಇಂಥ ಇಳಿಜಾರಿನಲ್ಲಿ ಎತ್ತೂ ನಿಲ್ಲುವುದಿಲ್ಲ, ನೀವು ಹೇಗೆ ನಿಲ್ಲುತ್ತೀರಿ?" ಎಂದರು. ಅದು ನೆಲದ ಇಳಿಜಾರಲ್ಲ, ನುರಿತ ಆಟಗಾರನಿಗಿಂತ ಸಾಧಾರಣ ಆಟಗಾರನಿಗೆ ಆ ಟೀ ಎಷ್ಟು ಹೆಚ್ಚು ಕಷ್ಟವೆಂದು ತೋರಿಸುವ ಸಂಖ್ಯೆ, 55ರಿಂದ 155ರವರೆಗೆ ಹೋಗುತ್ತದೆ, 113 ಪ್ರಮಾಣದ ಮಟ್ಟ ಎಂದು ವಿವರಿಸಿದೆ. ವಿವರಿಸಬಾರದಿತ್ತು. "ಹಾಗಾದರೆ 118 ಇರುವ ಹಸಿರನ್ನು ಬಿಟ್ಟು 131 ಇರುವ ನೀಲಿಗೆ ಹೋಗುವ ಸಾಧಾರಣ ಆಟಗಾರರು ಯಾರು?" ಎಂದು ಅವರು ಸುತ್ತಲೂ ನೋಡಿದರು.

ಆ ದಿನ ನಮ್ಮ ಜೊತೆಗೆ ಎಪ್ಪತ್ತು ದಾಟಿದ ಸ್ಥಳೀಯ ಹಿರಿಯರೊಬ್ಬರನ್ನು ಸೇರಿಸಿದ್ದರು. ಯಾವ ಟೀ ಎಂದು, ಸರದಿ ನೋಡಿ ಆಟ ಶುರು ಮಾಡಿಸುವ ಸ್ಟಾರ್ಟರ್ ಕೇಳಿದಾಗ ಆ ಹಿರಿಯರು ಲವಲೇಶವೂ ಅಳುಕಿಲ್ಲದೆ ಹಸಿರು ಎಂದರು. ನಾನು ನೀಲಿ ಎಂದೆ. ಸ್ಟಾರ್ಟರ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಅಗತ್ಯಕ್ಕಿಂತ ಹೆಚ್ಚು ಸೌಜನ್ಯದಿಂದ ಶುಭ ಕೋರಿದ. ನ್ಯೂಯಾರ್ಕ್ ರಾಜ್ಯದ ಬೆತ್‌ಪೇಜ್ ಬ್ಲ್ಯಾಕ್ ಕೋರ್ಸ್‌ನಲ್ಲಿ ಮೊದಲ ಟೀಯ ಬಳಿ, ಇದು ಅತ್ಯಂತ ಕಠಿಣ, ಬಹಳ ನುರಿತವರಿಗೆ ಮಾತ್ರ ಎಂದು ಎಚ್ಚರಿಸುವ ಹಲಗೆಯೇ ಇದೆ. ಜನ ಅದರ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡು ನೇರವಾಗಿ ಆಡಲು ಹೋಗುತ್ತಾರೆ. ಹಲಗೆಗೇ ಬಗ್ಗದ ಜಾತಿಯವನು ಒಬ್ಬ ಸ್ಟಾರ್ಟರ್‌ನ ಸೌಜನ್ಯಕ್ಕೆ ಬಗ್ಗುವೆನೇ?

ಬೀಸಿದೆ. ಚೆಂಡು ನೆಲಕ್ಕಂಟಿಕೊಂಡು ಉರುಳುತ್ತಾ ಬಿಳಿಯನ್ನು ದಾಟಿ, ಹಸಿರನ್ನು ದಾಟಿ, ಕೆಂಪು ಗುರುತಿಗಿಂತ ಮೂರು ಮಾರು ಹಿಂದೆ ಹುಲ್ಲಿನಲ್ಲಿ ವಿಶ್ರಮಿಸಿತು. ಕೆಂಪು ಟೀ ದಾಟದವನು ಆಟ ಮುಗಿದ ಮೇಲೆ ಎಲ್ಲರಿಗೂ ಪಾನೀಯ ಕೊಡಿಸಬೇಕೆಂಬುದು ಗಾಲ್ಫ್ ಆಡುವವರ ಹಳೆಯ ರೂಢಿ. ಹಿರಿಯರು ನನಗೆ ತಮ್ಮ ಆಯ್ಕೆ ನಿಂಬೆ ಪಾನಕವೆಂದು ಮೊದಲೇ ತಿಳಿಸಿದರು.

ಏಳನೆಯ ಹೋಲ್‌ನಲ್ಲಿ ಕೊಳವಿದೆ. ನೀಲಿಯಿಂದ ಅದನ್ನು ದಾಟಿಸಲು ಚೆಂಡು 165 ಗಜ ಗಾಳಿಯಲ್ಲೇ ಹೋಗಬೇಕು, ಹಸಿರಿನಿಂದ 110 ಸಾಕು, ಕೆಂಪಿನಿಂದ ಕೊಳ ಅಡ್ಡವೇ ಬರುವುದಿಲ್ಲ. ಹಿರಿಯರ ಚೆಂಡು ಕುಳಿಯ ಸುತ್ತಲಿನ ನುಣ್ಣನೆಯ ಹುಲ್ಲುಹಾಸಾದ ಗ್ರೀನ್‌ನ ಅಂಚಿಗೆ ಹೋಗಿ ಕುಳಿತಿತು. ನನ್ನ ಒಂದು ಚೆಂಡು ಮುಳುಗಿತು, ದಂಡದ ಹೊಡೆತ ಸೇರಿಸಿಕೊಂಡು ಹೊಡೆದ ಇನ್ನೊಂದೂ ಮುಳುಗಿತು, ಮೂರನೆಯದೂ ಅವುಗಳನ್ನು ಹುಡುಕಿಕೊಂಡು ಹೋಯಿತು. ಲೆಕ್ಕದ ಪ್ರಕಾರ ಏಳನೆಯದಾದ ಹೊಡೆತ ಕೊನೆಗೂ ನೀರು ದಾಟಿದಾಗ ಹಿಂದಿನ ತಂಡದವರು ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಿದ್ದರು. ಚೆಂಡೊಂದಕ್ಕೆ ನಾಲ್ಕು ಡಾಲರ್ ಎಂದು ನನ್ನಿಂದ ತಿಳಿದುಕೊಂಡ ಮಾವನವರು ಮೂರನ್ನು ರೂಪಾಯಿಗೆ ಪರಿವರ್ತಿಸಿ, ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು ಎಂದು ಬೇಸರ ಪಟ್ಟುಕೊಂಡರು. ಅದು ಹೊಳೆಯಲ್ಲ, ಕೊಳ ಎಂದು ನಾನು ತಿದ್ದಲು ಹೋಗಲಿಲ್ಲ.

ಪಾನಕ ಕುಡಿಯುತ್ತಾ ಆ ಹಿರಿಯರು ಮಾವನವರಿಗೆ ಒಂದು ಸೂತ್ರ ಹೇಳಿಕೊಟ್ಟರು: ಐದನೇ ನಂಬರಿನ ಐರನ್ ಎಂಬ ಕೋಲಿನಿಂದ ಚೆಂಡು ಎಷ್ಟು ಗಜ ಹೋಗುತ್ತದೋ ಅದನ್ನು 36ರಿಂದ ಗುಣಿಸಿದರೆ ಅವರವರಿಗೆ ತಕ್ಕ ಮೈದಾನದ ಉದ್ದ ಸಿಗುತ್ತದೆ. ದಾರಿಯಲ್ಲಿ ಮಾವನವರು ಕೇಳಿದಾಗ ನಾನು 170 ಎಂದೆ. 170 ನಾನು ಜೀವನದಲ್ಲಿ ಒಮ್ಮೆ, ಹಿಂಗಾಳಿಯಲ್ಲಿ, ಬಂಡೆಯೊಂದಕ್ಕೆ ತಗುಲಿಸಿ ಹೊಡೆದ ದೂರ. ಅವರು ಮನಸ್ಸಿನಲ್ಲೇ 6,120 ಎಂದು ಗುಣಿಸಿ, ಅದೂ ನೀಲಿಗೆ ಸಾಲದಲ್ಲ ಎಂದು ತಲೆಯಾಡಿಸಿದರು. ಮರುದಿನ ನೋಟ್‌ಪುಸ್ತಕದೊಂದಿಗೆ ನನ್ನನ್ನು ಅಭ್ಯಾಸದ ಮೈದಾನಕ್ಕೆ ಕರೆದೊಯ್ದು ಇಪ್ಪತ್ತು ಚೆಂಡು ಹೊಡೆಸಿದರು. ಕೆಟ್ಟ ಹೊಡೆತಗಳನ್ನು ಕೈಬಿಟ್ಟು ಸರಾಸರಿ ತೆಗೆಯೋಣವೆಂದು ನಾನು ವಿನಂತಿಸಿದಾಗ, "ಬಿರುಕು ಬಿಟ್ಟ ಕಂಬವನ್ನು ಎಣಿಸದೆ ಸೇತುವೆಯ ಲೆಕ್ಕ ಒಪ್ಪಿಸಿದರೆ ಸರ್ಕಾರ ಸುಮ್ಮನಿರುತ್ತದೆಯೇ?" ಎಂದರು. ಸರಾಸರಿ 134 ಗಜ ಬಂತು. ಮೂವತ್ತಾರರ ಮಗ್ಗಿಯಲ್ಲಿ ಅದು 4,824. ಅಂದರೆ ಕೆಂಪು.

ಆ ರಾತ್ರಿ ನಾನು ಮೇಲ್ಮನವಿಗೆ ಆಧಾರ ಹುಡುಕಿದೆ. ಅಮೆರಿಕದ ಗಾಲ್ಫ್ ಸಂಘ ಮತ್ತು ವೃತ್ತಿಪರ ಗಾಲ್ಫರ್‌ಗಳ ಸಂಘವಾದ ಪಿಜಿಎ 2011ರಲ್ಲಿ, ಜನರು ಮುಂದಿನ ಟೀಗಳಿಂದ ಆಡಲೆಂದು ನಡೆಸಿದ ಪ್ರಚಾರದಲ್ಲಿ ಡ್ರೈವರ್ ಎಂಬ, ಅತಿ ದೂರ ಹೊಡೆಯುವ ಕೋಲಿನ ದೂರಕ್ಕೆ ತಕ್ಕ ಕೋಷ್ಟಕವೊಂದನ್ನು ಕೊಟ್ಟಿದ್ದರು. ಡ್ರೈವರ್‌ನಿಂದ 200 ಗಜ ಹೊಡೆಯುವವನಿಗೆ 5,200ರಿಂದ 5,400 ಗಜದ ಮೈದಾನ, 300 ಹೊಡೆಯುವವನಿಗೆ 7,150ರಿಂದ 7,400. ನನ್ನ ಡ್ರೈವರ್ 195 ಹೋಗುತ್ತದೆಂಬುದಕ್ಕೆ ಮಾವನವರ ನೋಟ್‌ಪುಸ್ತಕವೇ ಸಾಕ್ಷಿ. ಒಂದು ಪಂಚಾಂಗದಲ್ಲಿ ಏಕಾದಶಿ ಇಂದು, ಇನ್ನೊಂದರಲ್ಲಿ ನಾಳೆ ಎಂದಿದ್ದರೆ ಹಸಿದವನು ಯಾವುದನ್ನು ನಂಬುತ್ತಾನೋ ನಾನೂ ಅದನ್ನೇ ನಂಬಿದೆ. ನನ್ನ ಪಾಲಿಗೆ ಹಸಿರು ಉಳಿಯಿತು.

ನಮ್ಮಿಂದ ಗಂಟೆಯ ಮೇಲಿನ ದಾರಿಯ ಸದರ್ನ್ ಪೈನ್ಸ್‌ನಲ್ಲಿ ಲಾಂಗ್‌ಲೀಫ್ ಎಂಬ ಮೈದಾನವಿದೆ. ಅಲ್ಲಿ ಏಳು ಟೀಗಳಿದ್ದು, ಅಭ್ಯಾಸದ ಜಾಗದಲ್ಲಿ ನೆಟ್ಟ ಬಣ್ಣದ ಕಂಬಗಳಲ್ಲಿ ಚೆಂಡು ಯಾವುದರವರೆಗೆ ಹಾರಿತೆಂದು ನೋಡಿ, ಹೆಣ್ಣೋ ಗಂಡೋ, ವಯಸ್ಸೆಷ್ಟು ಎಂದು ಕೇಳದೆ ಟೀ ನಿರ್ಧರಿಸುವ ಪದ್ಧತಿ. ಇದನ್ನು ಓದಿದ ಮಾವನವರು ತುಂಬ ಮೆಚ್ಚಿ, ಹೋಗಿಬರೋಣವೆಂದರು. ಕಾರಿನ ಟೈರುಗಳು ಸರಿಯಿಲ್ಲವೆಂದು ಹೇಳಿದೆ. ಇದಕ್ಕಿಂತ 1744ರಲ್ಲಿ ಎಡಿನ್‌ಬರೊ ಬಳಿಯ ಲೀತ್‌ನ ಆಟಗಾರರು ಬರೆದಿಟ್ಟ ಹದಿಮೂರು ನಿಯಮಗಳೇ ಮಾನವೀಯವಾಗಿದ್ದವು: ಮುಗಿಸಿದ ಹೋಲ್‌ನಿಂದ ಒಂದು ಕೋಲಿನಳತೆಯೊಳಗೆ ಮುಂದಿನದಕ್ಕೆ ಚೆಂಡಿಡಬೇಕು. ಎಲ್ಲರಿಗೂ ಅದೇ ಜಾಗ, ಯಾರ ಮಾವನವರಿಗೂ ಲೆಕ್ಕ ಹಾಕುವ ಅವಕಾಶವಿಲ್ಲ.

ಮುಂದಿನ ಶನಿವಾರ ಗೆಳೆಯರನ್ನು ನೀಲಿಯ ಬಳಿ ಬಿಟ್ಟು, ಷೂ ದಾರ ಕಟ್ಟಿಕೊಳ್ಳುವವನಂತೆ ಮೆಲ್ಲಗೆ ಹಸಿರಿನತ್ತ ನಡೆದೆ. ಮೊದಲ ಹೋಲ್‌ನ ಎಡಭಾಗದಲ್ಲಿ, ನೀಲಿಯಿಂದ 240 ಗಜ ದೂರದಲ್ಲಿ ಒಂದು ಮರಳಿನ ಬಂಕರ್ ಇದೆ. ಮೂರು ವರ್ಷ ಅದು ನನಗೆ ಚಾಮುಂಡಿ ಬೆಟ್ಟದಿಂದ ಕಾಣುವ ಕೆರೆಗಳಂತೆ ಬರಿಯ ನೋಟವಾಗಿತ್ತು. ಹಸಿರಿನಿಂದ ಅದಕ್ಕೆ 175 ಗಜ ಮಾತ್ರ. ಎಂದಿಲ್ಲದಷ್ಟು ನೆಟ್ಟಗೆ ಹಾರಿದ ಚೆಂಡು ನೇರವಾಗಿ ಅದರೊಳಗೆ ಬಿತ್ತು. ನಾನು ಅಲ್ಲಿಯವರೆಗೆ ತಲುಪಿದ್ದಕ್ಕೆ ಎಷ್ಟು ಹಿಗ್ಗಿದೆನೆಂದರೆ, ಮರಳಿನಲ್ಲಿ ನಿಂತು ಮಾವನವರಿಂದ ಫೋಟೊ ತೆಗೆಸಿ ಹೆಂಡತಿಗೆ ಕಳುಹಿಸಿದೆ. ಆಮೇಲೆ ಹೊರಬರಲು ಒಂದು, ಎರಡು, ಮೂರು, ನಾಲ್ಕು ಬಾರಿ ಬೀಸಿದೆ. ಐದನೆಯದಕ್ಕೆ ಸಿದ್ಧನಾಗುತ್ತಿದ್ದಾಗ ಮಾವನವರು ಗಾಡಿಯಿಂದ ಇಳಿಯದೆಯೇ ನೋಟ್‌ಪುಸ್ತಕ ತೆರೆದು, ಮರಳಿನ ಹೊಡೆತಗಳನ್ನು ಮೂವತ್ತಾರರಿಂದ ಗುಣಿಸಬೇಕೇ, ಭಾಗಿಸಬೇಕೇ ಎಂದು ವಿಚಾರಿಸಿದರು.