ಮೈನಸ್ ಎನ್ ಅಂದ್ರೆ ಏನು ಸ್ವಾಮಿ?

ಬೆಳಿಗ್ಗೆಯಿಂದ ತಲೆ ಕೆಟ್ಟಿದೆ. ಟೀಮಿಗೆ ಹೊಸದಾಗಿ ಸೇರಿದ ಹುಡುಗಿ ಬ್ಯಾಕಪ್ ಕೆಲಸ ಹೇಗೆ ಅಂತ ಕೇಳಿದಳು. ನಮ್ಮಲ್ಲಿ ಅದಕ್ಕೆ 17 ಬೇರೆ ಬೇರೆ ಕಮಾಂಡ್‌ಗಳಿವೆ, ಅಂದರೆ ಟೈಪ್ ಮಾಡಿ ಕೊಡುವ ಆಜ್ಞೆಗಳು; ಮೈನಸ್ ಎನ್ (-n) ಅಂಥವು ಅವುಗಳ ಜೊತೆ ಸೇರಿಸುವ ಆಯ್ಕೆಗಳು. ಒಂದರ ಹೆಸರು ಮೇಕ್‌ಬ್ಯಾಕಪ್, ಇನ್ನೊಂದು ಬ್ಯಾಕಪ್‌ಲಿಸ್ಟ್, ಮತ್ತೊಂದು ಬರೀ ಬಿಕೆಪಿ-ಡೆಲ್. ಬ್ಯಾಕಪ್ ಅಂತ ಬರೆದು ಟ್ಯಾಬ್ ಒತ್ತಿದರೆ ಹಾಗೆ ಶುರುವಾಗುವ ಅರ್ಧ ಮಾತ್ರ ಕಾಣುತ್ತವೆ, ಉಳಿದರ್ಧದ ಹೆಸರು ಗೊತ್ತಿದ್ದವರು ಕೆಲಸ ಬಿಟ್ಟು ಹೋಗಿ ಎಷ್ಟೋ ಕಾಲವಾಯಿತು.

ನನಗೆ ಬೇಕಿರುವುದು ಇಷ್ಟೇ: ಬ್ಯಾಕಪ್ ಲಿಸ್ಟ್, ಬ್ಯಾಕಪ್ ಡಿಲೀಟ್. ಮೊದಲು ಒಂದೇ ಹೆಸರು, ಆಮೇಲೆ ಕೆಲಸ. ಇಷ್ಟು ಕೇಳಿದರೆ ಜಾಸ್ತಿ ಆಯಿತಾ?

ಡೆಬಿಯನ್ ಅನ್ನೋ ಲಿನಕ್ಸ್‌ನಲ್ಲಿ ಹೊಸ ಬಳಕೆದಾರರ ಖಾತೆ ತೆರೆಯಲು ಯೂಸರ್‌ಆಡ್ ಮತ್ತು ಆಡ್‌ಯೂಸರ್ ಅಂತ ಎರಡು ಕಮಾಂಡ್‌ಗಳಿವೆ, ನೋಡಿರುತ್ತೀರಿ. ಒಂದು ವಿವರ ಕೇಳಿ ಕೇಳಿ ಹೋಮ್ ಡೈರೆಕ್ಟರಿ ಅನ್ನೋ ಸ್ವಂತ ಫೋಲ್ಡರ್ ಮಾಡಿಕೊಡುತ್ತದೆ, ಇನ್ನೊಂದು ಮೈನಸ್ ಎಂ ಕೊಡದಿದ್ದರೆ ಸುಮ್ನೆ ಖಾತೆ ತೆರೆದು ಕೈ ತೊಳೆದುಕೊಳ್ಳುತ್ತದೆ. ಯಾವುದು ಯಾವುದು ಅಂತ ನಾನು ಇವತ್ತಿಗೂ ನೋಡಿಕೊಂಡೇ ಟೈಪ್ ಮಾಡುವುದು.

ಈಗ ಒಬ್ಬರು ಲಿನಕ್ಸಿನ ಹಿರಿಯಣ್ಣ ಯುನಿಕ್ಸ್ ಹೆಸರು ಹಿಡಿದು ಬಂದೇ ಬರುತ್ತಾರೆ: "ಒಂದು ಟೂಲ್, ಒಂದು ಕೆಲಸ, ಅದೇ ಯುನಿಕ್ಸ್ ಧರ್ಮ." ಸರಿ ಗುರುಗಳೇ. ಪಠ್ಯದಲ್ಲಿ ಹುಡುಕುವ ಗ್ರೆಪ್, ಸಾಲು ಜೋಡಿಸುವ ಸಾರ್ಟ್ ಬೇರೆ ಬೇರೆ ಇರಲಿ, ಅವು ಯಾರ ಪಠ್ಯ ಕೊಟ್ಟರೂ ತಿನ್ನುತ್ತವೆ. ನಮ್ಮ 17 ಕಮಾಂಡ್‌ಗೂ ಬೇಕಾಗಿರುವುದು ಒಂದೇ ಸರ್ವರ್, ಒಂದೇ ಪಾಸ್‌ವರ್ಡ್, ಸೆಟ್ಟಿಂಗ್‌ಗಳ ಒಂದೇ ಕಾನ್ಫಿಗ್ ಫೈಲ್ ಅಲ್ವಾ? ಅದನ್ನು 17 ಥರ ಓದುವುದು ಯಾವ ಧರ್ಮ? ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಕೂಡ ಮೊದಲು ಗಿಟ್-ಆಡ್, ಗಿಟ್-ಕಮಿಟ್ ಅಂತ ನೂರಕ್ಕೂ ಹೆಚ್ಚು ಕಮಾಂಡ್ ಹರಡಿಕೊಂಡಿತ್ತು. 2008ರಲ್ಲಿ ಅದರ 1.6 ಆವೃತ್ತಿ ಬಂದಾಗ ಅವುಗಳಲ್ಲಿ ಬಹುಪಾಲನ್ನು ಒಳಗಿನ ಫೋಲ್ಡರಿಗೆ ಸೇರಿಸಿ, ಹೊರಗೆ 'ಗಿಟ್' ಅನ್ನೋ ಹೆಸರನ್ನೇ ಮುಂದೆ ಮಾಡಿದರು. ನಮ್ಮ ಸ್ಕ್ರಿಪ್ಟ್ ಮುರಿಯಿತು ಅಂತ ಕೂಗಾಡಿದವರಿಗೇನೂ ಕಡಿಮೆ ಇರಲಿಲ್ಲ. ಇವತ್ತು ಹೆಸರಿನ ನಡುವಿನ ಆ ಡ್ಯಾಶ್ ಯಾರಿಗೆ ನೆನಪಿದೆ?

ಹಾಗಂತ ಹೆಸರಿನ ನಂತರ ಬರುವ ಒಂದೇ ಸಬ್‌ಕಮಾಂಡಿಗೆ ಎಲ್ಲಾ ತುರುಕಿ ಅಂತಲ್ಲ. ಗಿಟ್‌ನ ಚೆಕ್‌ಔಟ್ ಬ್ರಾಂಚನ್ನೂ (ಕೋಡಿನ ಕವಲನ್ನೂ) ಬದಲಿಸಿ, ಫೈಲಿನಲ್ಲಿ ಕಮಿಟ್ ಮಾಡದ ತಿದ್ದುಪಡಿಯನ್ನೂ ಅಳಿಸಿ ಎಷ್ಟು ಜನರನ್ನು ಅಳಿಸಿತೋ! 2019ರಲ್ಲಿ ಬ್ರಾಂಚಿಗೆ ಸ್ವಿಚ್, ಫೈಲಿಗೆ ರಿಸ್ಟೋರ್ ಅಂತ ಬೇರೆ ಮಾಡಬೇಕಾಯಿತು.

ಇಷ್ಟೆಲ್ಲ ಸಿಟ್ಟು ಯಾಕೆ ಅಂದರೆ, ನಮ್ಮ ಮೇಕ್‌ಬ್ಯಾಕಪ್‌ನಲ್ಲಿ ಮೈನಸ್ ಎನ್ ಅಂದರೆ "ಏನೂ ಮಾಡಬೇಡ, ಏನು ಮಾಡ್ತೀಯ ಅಂತ ತೋರಿಸು". ಆ ಹುಡುಗಿ ಅದನ್ನು ಓದಿ ಕಲಿತು, ಜಾಣೆ, ಅಳಿಸುವ ಮುಂಚೆ ಒಮ್ಮೆ ನೋಡೋಣ ಅಂತ ಬಿಕೆಪಿ-ಡೆಲ್‌ಗೂ ಮೈನಸ್ ಎನ್ ಕೊಟ್ಟಳು. ಅಲ್ಲಿ ಅದರ ಅರ್ಥ "ಏನೂ ಕೇಳಬೇಡ, ಅಳಿಸು". ಪುಣ್ಯಕ್ಕೆ ಟೆಸ್ಟ್ ಸರ್ವರ್. "ಯಾರು ಸರ್ ಇದನ್ನು ಬರೆದಿದ್ದು?" ಅಂದಳು.

2016ರಲ್ಲಿ, ಒಂದು ಶುಕ್ರವಾರ ಸಂಜೆ, ಮನೆಗೆ ಹೋಗುವ ಆತುರದಲ್ಲಿ ಬರೆದವನು ನಾನೇ. ಅವಳಿಗೆ ಇನ್ನೂ ಹೇಳಿಲ್ಲ.