ಗುಟ್ಟು ಉಳಿಸಲು ಡಂಗುರ

ವರ್ಗವಾದ ರಾಯಭಾರಿ ಜೊತೆಗೆ ಒಯ್ಯಬಹುದಾದದ್ದು ಪೆಟ್ಟಿಗೆ, ಪದಕ, ಮುನಿಸು. ಆವಕ-ಜಾವಕ ಪುಸ್ತಕದಲ್ಲಿ ನಂಬರು ಬಿದ್ದ ಕಾಗದ ಮಾತ್ರ ಕಚೇರಿಯಲ್ಲೇ ಇರಬೇಕು. ಜರ್ಮನ್ ರಾಯಭಾರಿ ಕೌಂಟ್ ಹ್ಯಾರಿ ಫಾನ್ ಅರ್ನಿಮ್ ಸಾಹೇಬರು 1874ರಲ್ಲಿ ಪ್ಯಾರಿಸ್ ಬಿಟ್ಟರು. ಅವರ ಜಾಗಕ್ಕೆ ಹೊಹೆನ್‌ಲೊಹೆ ಬಂದಾಗ ಪುಸ್ತಕದಲ್ಲಿ ನಂಬರಿತ್ತು, ಕಾಗದ ಇರಲಿಲ್ಲ.

ಕೇಳಿದಾಗ ಸಾಹೇಬರು ಕೆಲವನ್ನು ಮರಳಿಸಿದರು, ಕೆಲವು ಗೊತ್ತೇ ಇಲ್ಲವೆಂದರು, ಉಳಿದವು ನನ್ನ ಸ್ವಂತದ್ದು ಎಂದರು. ಆ ಸ್ವಂತದ್ದರಲ್ಲಿ ಜರ್ಮನಿಯ ಚಾನ್ಸೆಲರ್ ಬಿಸ್ಮಾರ್ಕ್ ಬರೆದ ಛೀಮಾರಿಗಳೂ ಇದ್ದವು. ಬೈಸಿಕೊಂಡವನಿಗೇ ಬೈಗುಳದ ಹಕ್ಕುಪತ್ರ!

ಛೀಮಾರಿಗೆ ಕಾರಣವಿತ್ತು. ಫ್ರಾನ್ಸಿಗೆ ರಾಜನಿಲ್ಲದಿದ್ದರೆ ಯುರೋಪಿನ ರಾಜರು ಅದರ ಸ್ನೇಹಕ್ಕೆ ಬರುವುದಿಲ್ಲ, ಗಣರಾಜ್ಯವಾಗಿಯೇ ಇರಲಿ ಎಂಬುದು ಬಿಸ್ಮಾರ್ಕ್ ಲೆಕ್ಕ. ಅರ್ನಿಮ್‌ಗೋ ಗಣರಾಜ್ಯವೆಂದರೆ ಅಂಟುರೋಗ. ಅಲ್ಲಿ ರಾಜನೇ ಬರಬೇಕು. ರಾಜ ಸಿದ್ಧನೂ ಇದ್ದ. ಆದರೆ ಆ ಷಾಂಬೋರ್ ದೊರೆ 1873ರ ಅಕ್ಟೋಬರಿನಲ್ಲಿ, ಹಳೇ ರಾಜಮನೆತನದ ಬಿಳಿ ಬಾವುಟವೇ ಬೇಕು, ಕ್ರಾಂತಿಯ ತ್ರಿವರ್ಣ ಬೇಡ ಎಂದು ಹಟ ಹಿಡಿದ. ಒಂದು ತುಂಡು ಬಟ್ಟೆಗೆ ಸಿಂಹಾಸನ ಹೋಯಿತು. ಅರ್ನಿಮ್ ಪಾಲಿಗೆ ಉಳಿದದ್ದು ಬರೀ ಬೈಗುಳ.

1874ರ ಅಕ್ಟೋಬರ್ 4ರಂದು ಅವರನ್ನು ಬಂಧಿಸಿದರು. ಡಿಸೆಂಬರಿನಲ್ಲಿ ಬರ್ಲಿನ್ ನಗರ ನ್ಯಾಯಾಲಯದಲ್ಲಿ ವಿಚಾರಣೆ. ಬಚ್ಚಿಟ್ಟದ್ದು ರಹಸ್ಯ ಪತ್ರಗಳೆಂದು ಸಾಬೀತು ಮಾಡಬೇಕಲ್ಲ, ಅವನ್ನು ತುಂಬಿದ ಸಭೆಯಲ್ಲಿ ಗಟ್ಟಿಯಾಗಿ ಓದಿದರು. ಪತ್ರಿಕೆಗಳು ಅಚ್ಚು ಹಾಕಿದವು. ಅರ್ನಿಮ್ ಪೆಟ್ಟಿಗೆಯಲ್ಲೇ ಇದ್ದಿದ್ದರೆ ಒಬ್ಬರ ಕಣ್ಣಿಗೂ ಬೀಳದ ಗುಟ್ಟು ಇಡೀ ಯುರೋಪಿನ ಬೆಳಗಿನ ಕಾಫಿಯ ಜೊತೆ ಬಂತು. ಓದಿದ್ದರಲ್ಲೆಲ್ಲ ಬಿಸ್ಮಾರ್ಕರೇ ಜಾಣರಾಗಿ ಕಾಣುತ್ತಿದ್ದರು ಅನ್ನಿ.

ಶಿಕ್ಷೆ ಮೂರು ತಿಂಗಳು; ಮೇಲಿನ ನ್ಯಾಯಾಲಯದಲ್ಲಿ ಅದೇ ಒಂಬತ್ತಾಯಿತು. ಸಾಹೇಬರು ಜೈಲು ತಪ್ಪಿಸಿಕೊಂಡು ಸ್ವಿಟ್ಜರ್ಲೆಂಡಿನಲ್ಲಿದ್ದರು. ಜ್ಯೂರಿಚ್‌ನಿಂದ 1875ರಲ್ಲಿ ಹೆಸರು ಹಾಕದೆ ‘ಪ್ರೊ ನಿಹಿಲೊ’ ಎಂಬ ಪುಸ್ತಿಕೆ ಹೊರಬಂತು. ಒಳಗಿನ ಸಂಗತಿಗಳೇ ಬರೆದವರ ಹೆಸರು ಕೂಗಿ ಹೇಳುತ್ತಿದ್ದವು. ಲ್ಯಾಟಿನ್ ಶೀರ್ಷಿಕೆಯ ಅರ್ಥ ‘ಏನೂ ಇಲ್ಲದ್ದಕ್ಕೆ’. ಆ ಏನೂ ಇಲ್ಲದ್ದಕ್ಕೆ 1876ರಲ್ಲಿ, ಅವರ ಗೈರುಹಾಜರಿಯಲ್ಲೇ, ದೇಶದ್ರೋಹದ ಆರೋಪದಲ್ಲಿ ಐದು ವರ್ಷ ಕಠಿಣ ಸಜೆ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಅದೇ ವರ್ಷ ದಂಡಸಂಹಿತೆಗೆ 353ಎ ಸೇರಿತು: ರಾಯಭಾರಿ ಗುಟ್ಟು ಬಿಟ್ಟುಕೊಟ್ಟರೆ, ಆದೇಶ ಮೀರಿದರೆ, ಸರ್ಕಾರದ ದಾರಿ ತಪ್ಪಿಸಲು ಸುಳ್ಳು ವರದಿ ಬರೆದರೆ ಸೆರೆವಾಸ. ಜರ್ಮನ್ ದಂಡಸಂಹಿತೆಯಲ್ಲಿ ಆ ನಂಬರು ಇವತ್ತಿಗೂ ಇದೆ, ಅಡ್ಡಹೆಸರು ‘ಅರ್ನಿಮ್ ಕಲಮು’. ಪದಕಗಳೆಲ್ಲ ಮರೆತುಹೋದರೂ ಒಂದು ಕಲಮಾದರೂ ದಕ್ಕಿತು.

ಊರಿಗೆ ಬರುತ್ತೇನೆ, ಮರುವಿಚಾರಣೆ ಮಾಡಿ ಎಂದು ಸಾಹೇಬರು ಅರ್ಜಿ ಮೇಲೆ ಅರ್ಜಿ ಹಾಕಿದರು. ಕೊನೆಗೆ ಒಪ್ಪಿಗೆಯೂ ಸಿಕ್ಕಿತು. ಹೊರಡುವ ಮೊದಲೇ, 1881ರ ಮೇ 19ರಂದು, ನೀಸ್‌ನಲ್ಲಿ ತೀರಿಕೊಂಡರು.