ಮರಿ ನುಸುಳುವಷ್ಟು ಸಂದು

ಕೋಳಿ ಸಾಕುವುದೇನು ಮಹಾ ಎನ್ನುವ ಮಾತು, ಎಲ್ಲ ಕೋಳಿಗಳೂ ಒಂದೇ ದಿನ ಮೊಟ್ಟೆಯೊಡೆದು ಬಂದಿದ್ದರೆ ಸರಿಯೇ. ಹಿತ್ತಿಲಿನಲ್ಲಿ ಹಾಗಾಗುವುದಿಲ್ಲ. ಎರಡು ವರ್ಷದ ಹೇಂಟೆಗಳು, ಮೂರು ತಿಂಗಳ ಹರೆಯದವು, ಈಗಷ್ಟೇ ಗರಿ ಮೂಡಿದ ಮರಿಗಳು, ಇವುಗಳ ನಡುವೆ ಜುಟ್ಟು ಕುಣಿಸಿಕೊಂಡು ತಿರುಗುವ ಒಂದು ಹುಂಜ. ದೂರದಿಂದ ನೋಡಿದರೆ ತುಂಬಿದ ಮನೆ. ಹತ್ತಿರ ಹೋದರೆ ಯಾರು ಮೊದಲು ತಿನ್ನಬೇಕು, ಯಾರು ಎಲ್ಲಿ ಮಲಗಬೇಕು ಎಂಬ ಮುಗಿಯದ ತಕರಾರು.

ಮೊದಲ ತೊಡಕು ಆಹಾರದ ಚೀಲದ್ದು. ಮೊಟ್ಟೆಕೋಳಿಯ ಲೇಯರ್ ಫೀಡಿನಲ್ಲಿ ಕ್ಯಾಲ್ಸಿಯಂ ಶೇ. 3.5ರಿಂದ 4.5ರಷ್ಟು ಇರುತ್ತದೆ. ಒಂದು ಮೊಟ್ಟೆಯ ಚಿಪ್ಪಿಗೇ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು, ಹಾಗಾಗಿ ಹೇಂಟೆಗೆ ಅದು ಹೆಚ್ಚಲ್ಲ. ಬೆಳೆಯುವ ಮರಿಗೆ ಶೇ. 1ರಷ್ಟು ಸಾಕು. ಅದರ ನಾಲ್ಕರಷ್ಟನ್ನು ದಿನಾ ನುಂಗಿದರೆ ಪೆಟ್ಟು ಬೀಳುವುದು ಮೂತ್ರಪಿಂಡಕ್ಕೆ. ಬಹಳ ದಿನ ಹೊರಗೆ ಏನೂ ಕಾಣುವುದಿಲ್ಲ, ಅದೇ ಇದರ ಕಪಟ. ತಿರುಗುಮುರುಗಾಗಿ, ಹೇಂಟೆಗೆ ಬರೀ ಮರಿಯ ಆಹಾರ ಹಾಕಿದರೆ ಅದು ತನ್ನ ಮೂಳೆಯನ್ನೇ ಕರಗಿಸಿ ಚಿಪ್ಪು ಕಟ್ಟುತ್ತದೆ. ಕೆಲವು ವಾರಗಳಲ್ಲಿ ಮೊಟ್ಟೆ ಕೈಯಲ್ಲೇ ಒಡೆಯುವಷ್ಟು ತೆಳ್ಳಗಾಗುತ್ತದೆ.

ವಯಸ್ಸಿಗೊಂದು ತಟ್ಟೆ ಇಟ್ಟು ಕಾವಲು ಕೂರುವ ಉತ್ಸಾಹ ಮೂರು ದಿನಕ್ಕಿಂತ ಹೆಚ್ಚು ಉಳಿಯುವುದಿಲ್ಲ. ಕೋಳಿಗೆ ಪಕ್ಕದ ತಟ್ಟೆಯೇ ಯಾವಾಗಲೂ ರುಚಿ. ಆದ್ದರಿಂದ ಎಲ್ಲಕ್ಕೂ ಶೇ. 16ರಿಂದ 18 ಪ್ರೋಟೀನ್ ಇರುವ, ಬೆಳೆಯುವ ಕೋಳಿಗಳ ಗ್ರೋಯರ್ ಫೀಡನ್ನೇ ಹಾಕಿ, ಒಡೆದ ಕಪ್ಪೆಚಿಪ್ಪನ್ನು ಬೇರೆ ಬಟ್ಟಲಿನಲ್ಲಿ ಇಡುವುದು ವಾಸಿ. ಮೊಟ್ಟೆ ಇಡದ ಹುಂಜಕ್ಕೂ ಗರಿ ಉದುರಿಸಿಕೊಂಡು ರಜೆಯಲ್ಲಿರುವ ಹೇಂಟೆಗೂ ಇದೇ ಹಿತ. ಚಿಪ್ಪನ್ನು ಆಹಾರಕ್ಕೆ ಬೆರೆಸಕೂಡದು. ಬೆರೆಸಿದರೆ ಅದೇ ಲೇಯರ್ ಫೀಡನ್ನು ಮನೆಯಲ್ಲಿ ತಯಾರಿಸಿದಂತೆ. ಚೂರು ಪುಡಿಯಾಗಿರದೆ ದಪ್ಪಗಿದ್ದರೆ ಒಳ್ಳೆಯದು. ಚಿಪ್ಪು ಕಟ್ಟುವ ಕೆಲಸ ಹೆಚ್ಚಾಗಿ ನಡೆಯುವುದು ರಾತ್ರಿ, ದಪ್ಪ ಚೂರು ಹೊಟ್ಟೆಯಲ್ಲಿ ನಿಧಾನವಾಗಿ ಕರಗುತ್ತ ಬೆಳಗಿನವರೆಗೆ ಒದಗುತ್ತದೆ. ಇಳಿಹೊತ್ತಿನಲ್ಲಿ ಆ ಬಟ್ಟಲ ಹತ್ತಿರ ನಿಂತು ನೋಡಬೇಕು. ನಾಳೆ ಮೊಟ್ಟೆ ಇಡಲಿರುವ ಹೇಂಟೆ ಬರುತ್ತದೆ, ಕತ್ತು ಓರೆ ಮಾಡಿ ಒಂದು ಕಣ್ಣಿನಿಂದ ಪರೀಕ್ಷಿಸುತ್ತದೆ, ಸಣ್ಣದನ್ನು ಬಿಟ್ಟು ದೊಡ್ಡ ಚೂರನ್ನೇ ಆರಿಸಿ ಗುಟುಕಿಸುತ್ತದೆ. ಹರೆಯದ್ದು ಕುತೂಹಲಕ್ಕೆ ಒಂದೆರಡು ಕುಕ್ಕಿ, ಇದೇನು ಕಲ್ಲು ಎಂಬಂತೆ ಉಗಿದು ಹೋಗುತ್ತದೆ.

ಎಂಟು ವಾರದೊಳಗಿನ ಮರಿಗೆ ಮಾತ್ರ ಗ್ರೋಯರ್ ಸಾಲದು, ಶೇ. 20ರಷ್ಟು ಪ್ರೋಟೀನಿನ ಸ್ಟಾರ್ಟರ್ ಬೇಕು. ಅದನ್ನು ಹೇಂಟೆಗಳಿಂದ ಉಳಿಸುವ ಉಪಾಯವೇ ಈ ಸಂದು. ಮೂಲೆಯೊಂದಕ್ಕೆ ಮೇಲೂ ಮುಚ್ಚುವಂತೆ ಜಾಲರಿ ಕಟ್ಟಿ, ನೆಲದ ಮಟ್ಟದಲ್ಲಿ ಸುಮಾರು 10ರಿಂದ 12 ಸೆಂ.ಮೀ. ಚೌಕದ ಕಿಂಡಿ ಬಿಡುವುದು. ಮರಿ ಓಡಿಕೊಂಡೇ ಒಳಹೋಗುತ್ತದೆ. ಹೇಂಟೆ ತಲೆ ತೂರಿಸುತ್ತದೆ, ಕತ್ತು ತೂರಿಸುತ್ತದೆ, ಎದೆ ಸಿಕ್ಕಿಕೊಂಡಾಗ ಅವಮಾನದಿಂದ ಹಿಂದೆ ಸರಿಯುತ್ತದೆ. ತಳಿ ಕುಳ್ಳಗಿದ್ದರೆ ಈ ಅಳತೆ ನಡೆಯದು, ನಿಮ್ಮ ಅತಿ ಸಣ್ಣ ಹೇಂಟೆಯ ಎದೆಯೇ ಅಳತೆಗೋಲು. ಕಿಂಡಿ ಎರಡಿರಲಿ. ಒಂದೇ ಇದ್ದರೆ ಅದರ ಬಾಯಲ್ಲೇ ಒಬ್ಬಳು ಜಗಳಗಂಟಿ ಕಾದು ನಿಲ್ಲುತ್ತಾಳೆ. ಒಳಗೆ ಆಹಾರ, ನೀರು ಎರಡೂ ಬೇಕು. ನೀರಿನ ತಟ್ಟೆ ಆಳವಿದ್ದರೆ ಗೋಲಿ ಕಲ್ಲು ತುಂಬಿಸಿ. ಚಿಕ್ಕ ಮರಿ ಎರಡು ಬೆರಳು ನೀರಿನಲ್ಲೂ ಮುಳುಗಿ ಸಾಯುತ್ತದೆ. ಸ್ಟಾರ್ಟರಿಗೆ ಔಷಧ ಬೆರೆಸಿದ್ದರೆ ಚೀಲದ ಚೀಟಿ ಓದಿ, ಹೇಂಟೆಗೆ ಸಿಕ್ಕರೆ ಅದು ಮೊಟ್ಟೆಗೂ ಸೇರಬಹುದು. ಮರಿಗಳನ್ನು ತಾಯಿಯೇ ಕಾವು ಕೊಟ್ಟು ಬಿಡಿಸಿದ್ದರೆ ಅರ್ಧ ತಲೆನೋವು ಇಲ್ಲ: ಆ ದಿನಗಳಲ್ಲಿ ಆಕೆ ಮೊಟ್ಟೆ ಇಡುವುದಿಲ್ಲವಾದ್ದರಿಂದ ಮರಿಗಳ ಜೊತೆ ಅವುಗಳದ್ದನ್ನೇ ತಿಂದರೂ ನಷ್ಟವಿಲ್ಲ. ಮೇಲಾಗಿ ಆಕೆ ಇರುವಾಗ ಮರಿಗಳ ತಂಟೆಗೆ ಹೋಗಲು ಹುಂಜವೂ ಎರಡು ಸಲ ಯೋಚಿಸುತ್ತದೆ.

ಕುಕ್ಕುವುದರಲ್ಲೂ ಮೇಲುಕೀಳಿನ ಕ್ರಮ ಇದೆಯೆಂದು ನಾರ್ವೆಯ ಪ್ರಾಣಿಶಾಸ್ತ್ರಜ್ಞ ಷೆಲ್ಡರುಪ್-ಎಬ್ಬೆ 1920ರ ದಶಕದಲ್ಲಿ ಬರೆದಿಟ್ಟ. ಹೊಸಬರು ಬಂದಾಗ ಆ ಪಟ್ಟಿ ಮೊದಲಿನಿಂದ ತಯಾರಾಗಬೇಕು. ಅದು ರಕ್ತವಿಲ್ಲದೆ ಆಗಲಿ ಎಂದರೆ ಒಂದೆರಡು ವಾರ ಜಾಲರಿಯ ಆಚೀಚೆ ಇಟ್ಟು ಮುಖ ಪರಿಚಯ ಮಾಡಿಸಿ. ಒಂಟಿ ಕೋಳಿಯನ್ನು ಎಂದೂ ಬಿಡಬೇಡಿ, ಏಟೆಲ್ಲ ಅದೊಂದರ ಮೇಲೇ ಬೀಳುತ್ತದೆ. ಆಹಾರವನ್ನು ಎರಡು ಮೂರು ಕಡೆ, ಒಂದರಿಂದ ಇನ್ನೊಂದು ಕಾಣದಂತೆ ಇಡಿ. ಓಡುವವಳಿಗೆ ಮರೆ ಇರಲಿ, ಆದರೆ ಮುಚ್ಚಿದ ಮೂಲೆ ಬೇಡ. ನೆತ್ತರು ಕಂಡರೆ ಗಾಯಗೊಂಡದ್ದನ್ನು ಆ ಕ್ಷಣವೇ ಬೇರೆ ಮಾಡಬೇಕು. ಕೆಂಪು ಕಂಡಲ್ಲಿ ಕುಕ್ಕುವುದನ್ನು ಕೋಳಿ ನಿಲ್ಲಿಸುವುದಿಲ್ಲ.

ನೆಲ ಒಣಗಿರುವುದು ಎಲ್ಲಕ್ಕಿಂತ ಮುಖ್ಯ. ದೊಡ್ಡವುಗಳ ಹಿಕ್ಕೆಯಲ್ಲಿ ಕಾಕ್ಸಿಡಿಯಾ ರೋಗಾಣು ಇರುತ್ತದೆ. ದೊಡ್ಡವು ಅದಕ್ಕೆ ಜಗ್ಗುವುದಿಲ್ಲ, ಆದರೆ ಒದ್ದೆ ಹಾಸಿನಲ್ಲಿ ಕೆದರುವ ಮೂರರಿಂದ ಆರು ವಾರದ ಮರಿಗೆ ಅದೇ ರಕ್ತಭೇದಿ. ಒದ್ದೆಯಾಗುವುದು ಹೆಚ್ಚಾಗಿ ನೀರಿನ ತಟ್ಟೆಯ ಸುತ್ತ, ಅಲ್ಲಿನ ಹಾಸನ್ನು ದಿನಾ ತೆಗೆದು ಹೊಸದು ಹಾಕಿದರೆ ಅರ್ಧ ಕೆಲಸ ಮುಗಿಯಿತು. ಗಾಳಿಕಿಂಡಿ ಕೋಳಿ ಕೂರುವ ಮಟ್ಟಕ್ಕಿಂತ ಮೇಲಿರಲಿ. ಬಗ್ಗಿದಾಗ ಮೂಗಿಗೆ ಅಮೋನಿಯಾ ಚುರುಗುಟ್ಟಿದರೆ ಮೂಗಿನ ಮಾತು ಕೇಳಿ.

ಕತ್ತಲಾಗುತ್ತಲೇ ಅಸಲಿ ರಾಜಕೀಯ. ಕೂರುವ ಅಡ್ಡಗೋಲಿನಲ್ಲಿ ಒಂದಕ್ಕೆ 20ರಿಂದ 25 ಸೆಂ.ಮೀ. ಲೆಕ್ಕ ಹಾಕಿ ಬಿಟ್ಟಿದ್ದರೂ ಹಳೆಯ ಹೇಂಟೆ ಬೇಕೆಂದೇ ಅಗಲವಾಗಿ ಕೂರುತ್ತದೆ, ಹೊಸದು ಹತ್ತಿದರೆ ನೆತ್ತಿಗೊಂದು ಕುಕ್ಕುತ್ತದೆ. ಎತ್ತರದಲ್ಲಿ ವ್ಯತ್ಯಾಸವಿದ್ದರೆ ಮೇಲಿನದಕ್ಕೇ ಪೈಪೋಟಿ, ಆದ್ದರಿಂದ ಗೋಲುಗಳೆಲ್ಲ ಒಂದೇ ಮಟ್ಟದಲ್ಲಿ, ಮೊಟ್ಟೆಪೆಟ್ಟಿಗೆಗಿಂತ ಎತ್ತರದಲ್ಲಿರಬೇಕು. ಇಷ್ಟಾದರೂ ಏಟು ತಿಂದ ಹರೆಯದವು ಸುಮ್ಮನೆ ಇಳಿದು ಮೊಟ್ಟೆಪೆಟ್ಟಿಗೆಯಲ್ಲಿ ಮಲಗುತ್ತವೆ, ರಾತ್ರಿಯೆಲ್ಲ ಅಲ್ಲೇ ಹಿಕ್ಕೆ ಹಾಕುತ್ತವೆ, ಬೆಳಿಗ್ಗೆ ಮೊಟ್ಟೆ ಕೊಳಕು. ಸಂಜೆ ಪೆಟ್ಟಿಗೆಯ ಬಾಯಿಗೆ ಹಲಗೆ ಅಡ್ಡ ಇಟ್ಟು, ಮಲಗಲು ಜಾಗ ಹುಡುಕುತ್ತಿರುವ ಹರೆಯದ್ದನ್ನು ಕತ್ತಲಲ್ಲಿ ಎತ್ತಿ ಗೋಲಿನ ಮೇಲೆ ಕೂರಿಸಬೇಕು. ಕತ್ತಲಲ್ಲಿ ಕೋಳಿಗೆ ಕಣ್ಣು ಅಷ್ಟಕ್ಕಷ್ಟೇ, ಪಕ್ಕದವಳು ಕುಕ್ಕುವ ಗೋಜಿಗೆ ಹೋಗುವುದಿಲ್ಲ. ಹಲಗೆಯನ್ನು ಮಾತ್ರ ಬೆಳಿಗ್ಗೆ ಬೇಗ ತೆಗೆಯಿರಿ, ಇಲ್ಲವಾದರೆ ಮೊದಲ ಮೊಟ್ಟೆ ನೆಲದ ಪಾಲು.